ಗೃಹಜ್ಯೋತಿ ಇದ್ದರೂ ಕರೆಂಟ್ ಬಿಲ್ 1,700 ದಾಟಿದೆ, ಏನು ಮಾಡಲಿ?

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಹೋಗಿದ್ದು ಏಪ್ರಿಲ್ ಬಿಲ್‌ನ 214 ಯೂನಿಟ್ ಅನ್ನೋ ಅಂಕಿಯ ಮೇಲೆ. ಬಾಡಿಗೆ ಮನೆ, ಐದು ಜನ, ಮೂರು ಫ್ಯಾನ್, ಫ್ರಿಜ್, ಕೂಲರ್, ಗೀಸರ್, ದಿನಕ್ಕೆ ಒಂದು ತಾಸು ಓಡುವ 1 ಎಚ್‌ಪಿ ಮೋಟರ್. ಸರ್ಕಾರದ ಪುಕ್ಕಟೆ ಕರೆಂಟ್ ಯೋಜನೆ ಗೃಹಜ್ಯೋತಿಯಲ್ಲಿ ನಿಮ್ಮ ಅರ್ಹತೆ 120 ಯೂನಿಟ್, ಅಂದರೆ ತಿಂಗಳಿಗೆ ಅಷ್ಟು ಪುಕ್ಕಟೆ. ಮಾರ್ಚ್‌ವರೆಗೆ ನೂರು, ನೂರೈವತ್ತು ಬರುತ್ತಿದ್ದ ಬಿಲ್ ಏಪ್ರಿಲ್‌ಗೆ 1,700 ಚಿಲ್ಲರೆ ಆಗಿದೆ. ಮೀಟರ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ.

ನಾನು ವಿಜಯಪುರದಲ್ಲಿ ವೈರಿಂಗ್ ಮತ್ತು ಮೋಟರ್ ರಿಪೇರಿ ಕೆಲಸ ಮಾಡುವವನು. ಬೇಸಿಗೆ ಬಂತೆಂದರೆ ಫೋನ್ ಶುರು: "ಅಣ್ಣಾರ, ಮೀಟರ್ ಹುಚ್ಚ ಹಿಡದಂಗ ಓಡಾಕತ್ತೈತ್ರಿ, ಒಂದೀಟ ಬಂದ್ ನೋಡ್ರಿ." ಹೋಗಿ ನೋಡಿದರೆ ಮೀಟರ್ ಕೆಟ್ಟಿರೋದು ತೀರಾ ಅಪರೂಪ. ನಿಮ್ಮ ಮನೆಯಲ್ಲೂ ಮೀಟರ್ ಸರಿಯಾಗೇ ಇದೆ ಅನ್ನಿಸುತ್ತದೆ. ಪೆಟ್ಟು ಬಿದ್ದಿರೋದು 200 ಯೂನಿಟ್ ಗೆರೆ ದಾಟಿದ್ದಕ್ಕೆ.

ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 2022-23ರಲ್ಲಿ ಆ ಮೀಟರ್‌ನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಓಡಿತ್ತೋ ಅದಕ್ಕೆ ಶೇ 10 ಸೇರಿಸಿ ಅರ್ಹತೆ ಕೊಟ್ಟಿದ್ದಾರೆ. ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಅಂತ ಮಾಡಿದರು. ಅರ್ಹತೆ ದಾಟಿ 200ರೊಳಗೆ ಇದ್ದರೆ ಹೆಚ್ಚಿಗೆ ಬಳಸಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಆ 120 ಪುಕ್ಕಟೆಯೂ ಹೋಯಿತು. ಮೊದಲನೇ ಯೂನಿಟ್‌ನಿಂದಲೇ ಪೂರ್ತಿ ಬಿಲ್.

ಇದನ್ನು ರೂಪಾಯಿಯಲ್ಲಿ ನೋಡಿ. 2025-26ರ ದರ ಹಿಡಿದು ಲೆಕ್ಕ ಹಾಕ್ತೀನಿ, ಆಗ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ಶೇ 9 ತೆರಿಗೆ. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿ ಸರ್‌ಚಾರ್ಜ್ ಅಂತ ಯೂನಿಟ್‌ಗೆ 36 ಪೈಸೆ. ಜೊತೆಗೆ ನಿಗದಿತ ಶುಲ್ಕ, ಕಿಲೋವ್ಯಾಟ್‌ಗೆ 145 ರೂಪಾಯಿ. ನಿಮ್ಮ ಮನೆಗೆ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಅಂದರೆ 290. ಈ ಲೆಕ್ಕದಲ್ಲಿ ನೀವು 199 ಯೂನಿಟ್ ಬಳಸಿದ್ದರೆ 120 ಕಳೆದು ಉಳಿದ 79 ಯೂನಿಟ್‌ಗೆ ಮಾತ್ರ ಕಟ್ಟಬೇಕಾದದ್ದು, ಸುಮಾರು 530 ರೂಪಾಯಿ. 201 ಬಳಸಿದರೆ ಸುಮಾರು 1,630. ಎರಡು ಯೂನಿಟ್‌ಗೆ ಸಾವಿರದ ನೂರು ರೂಪಾಯಿ! ತಿಂಗಳಿಂದ ತಿಂಗಳಿಗೆ ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕವನ್ನು ಇದರಲ್ಲಿ ಸೇರಿಸಿಲ್ಲ, ಅದು ಬೇರೆ.

(ನಮ್ಮ ಜಿಲ್ಲೆಯ ಕೂಡಗಿಯಲ್ಲೇ 2,400 ಮೆಗಾವ್ಯಾಟ್ ಕರೆಂಟ್ ತಯಾರಿಸುವ ಸ್ಥಾವರ ಇದೆ, ಹೊಗೆ ನಮಗೆ, ಬಿಲ್ಲೂ ನಮಗೆ ಅಂತ ಗಿರಾಕಿಗಳು ನನ್ನ ಮುಂದೆ ಜಗಳ ತೆಗೆಯುತ್ತಾರೆ. ಅವರ ಸಿಟ್ಟು ಅರ್ಥ ಆಗುತ್ತದೆ. ಆದರೆ ದರ ಗೊತ್ತು ಮಾಡೋದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ), ಅಲ್ಲಿ ಊರು ನೋಡಿ ರಿಯಾಯಿತಿ ಕೊಡೋದಿಲ್ಲ.)

ಹಾಗಾಗಿ ನಿಮ್ಮ ಕೆಲಸ ಸುಲಭ. ಬಿಲ್ ಸೊನ್ನೆ ಮಾಡ್ತೀನಿ ಅಂತ ಹೊರಡಬೇಡಿ. ಮಾರ್ಚ್‌ನಿಂದ ಜೂನ್‌ವರೆಗೆ 200ರ ಒಳಗೆ ಇದ್ದರೆ ಸಾಕು. ದಿನಕ್ಕೆ ಆರೂವರೆ ಯೂನಿಟ್, ವಾರಕ್ಕೆ 45. ಭಾನುವಾರಕ್ಕೊಮ್ಮೆ ಮೀಟರ್‌ನಲ್ಲಿ 'ಕೆಡಬ್ಲ್ಯುಎಚ್' (ಯೂನಿಟ್ ಅಂದರೆ ಇದೇ) ಅಂತ ಬರುವ ಅಂಕಿಯನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಹಿಂದಿನ ರೀಡಿಂಗ್ ದಿನಾಂಕ ಬಿಲ್‌ನಲ್ಲೇ ಇರುತ್ತದೆ, ಅಲ್ಲಿಂದ ಎಣಿಸಿ. ಮೂರನೇ ವಾರಕ್ಕೆ 150 ದಾಟಿದೆ ಅಂದರೆ ಆಗಲೇ ಬಿಗಿ ಹಿಡಿಯಬಹುದು. ಬಿಲ್ ಬಂದ ಮೇಲೆ ಏನು ಮಾಡಿದರೂ ಅದು ಮುಂದಿನ ತಿಂಗಳಿಗೇ ಅಲ್ವಾ.

ಈಗ ಮೀಟರ್ ಪರೀಕ್ಷೆ. ಇದಕ್ಕೆ ನನ್ನಂಥವರನ್ನು ಕರೆಸೋದು ಬೇಡ, ನೀವೇ ಮಾಡಬಹುದು. ಮೀಟರ್ ಮುಖದ ಮೇಲೆ ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಹತ್ತಿರ '3200 ಇಂಪ್' ಅಥವಾ '1600 ಇಂಪ್' ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. 3200 ಅಂದರೆ ದೀಪ ಅಷ್ಟು ಸಲ ಮಿಣುಕಿದಾಗ ಒಂದು ಯೂನಿಟ್. ಅಂದರೆ ನಿಮಿಷಕ್ಕೆ ಒಂದು ಸಲ ಮಿಣುಕಿದರೆ ಮನೆಯಲ್ಲಿ ಹೆಚ್ಚುಕಡಿಮೆ 19 ವ್ಯಾಟ್ ಓಡುತ್ತಿದೆ ಅಂತ ಅರ್ಥ. 1600 ಇದ್ದರೆ ಇದರ ಎರಡರಷ್ಟು ಹಿಡಿಯಿರಿ.

ಮೊದಲು ಮನೆಯ ಮೇನ್ ಸ್ವಿಚ್ ಬಂದ್ ಮಾಡಿ, ಮೊಬೈಲ್‌ನಲ್ಲಿ ಐದು ನಿಮಿಷ ಟೈಮರ್ ಹಚ್ಚಿಟ್ಟು ಮೀಟರ್ ದೀಪ ನೋಡಿ. ಒಂದು ಸಲವೂ ಮಿಣುಕಬಾರದು. ಮಿಣುಕಿತು ಅಂದರೆ ಹೆಚ್ಚಾಗಿ ಮೀಟರ್‌ಗೂ ನಿಮ್ಮ ಮೇನ್‌ಗೂ ನಡುವೆ ಯಾರೋ ವೈರ್ ತೆಗೆದುಕೊಂಡಿದ್ದಾರೆ. ಬಾಡಿಗೆ ಮನೆಗಳಲ್ಲಿ ಇದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೆಟ್ಟಿಲ ಲೈಟು, ಗೇಟಿನ ಲೈಟು, ಕೆಲವು ಕಡೆ ಎರಡು ಮನೆಗೂ ಸೇರಿದ ಮೋಟರ್ ಸಹ ಬಾಡಿಗೆಯವರ ಮೀಟರ್ ಮೇಲೆ ಇರುತ್ತದೆ. ಎಲ್ಲ ಸಲ ಮೋಸ ಅಂತಲ್ಲ, ಮನೆ ಕಟ್ಟುವಾಗ ಅನುಕೂಲಕ್ಕೆ ಎಳೆದ ವೈರ್ ಹಾಗೇ ಉಳಿದಿರುತ್ತದೆ.

ಆಮೇಲೆ ಮೇನ್ ಹಾಕಿ, ಫ್ರಿಜ್ ಪ್ಲಗ್ ಕಿತ್ತು, ಉಳಿದ ಸ್ವಿಚ್ಚೆಲ್ಲ ಆಫ್ ಮಾಡಿ ನೋಡಿ. 3200ರ ಮೀಟರ್ ಈಗಲೂ ನಿಮಿಷಕ್ಕೆ ಮೂರು ಸಲ ಮಿಣುಕಿದರೆ ಸುಮಾರು 56 ವ್ಯಾಟ್ ಎಲ್ಲೋ ಹೋಗುತ್ತಿದೆ. ಅದು ಹಗಲೂ ರಾತ್ರಿ ಹೋದರೆ ತಿಂಗಳಿಗೆ 40 ಯೂನಿಟ್. ಟಿವಿಯ ಸೆಟ್‌ಟಾಪ್ ಬಾಕ್ಸ್, ಇನ್ವರ್ಟರ್, ವೈಫೈ ಪೆಟ್ಟಿಗೆ ಇವನ್ನೆಲ್ಲ ಒಂದೊಂದಾಗಿ ಕಿತ್ತು ನೋಡಿ. ಹಳೇ ಇನ್ವರ್ಟರ್ ಬ್ಯಾಟರಿ ಕೆಟ್ಟಿದ್ದರೆ ಅದು ಎಷ್ಟು ಚಾರ್ಜ್ ಮಾಡಿದರೂ ತುಂಬೋದಿಲ್ಲ, ಸುಮ್ನೆ ಕರೆಂಟ್ ಎಳೀತಾನೇ ಇರುತ್ತದೆ.

ಮೀಟರ್ ಮೇಲೆ ಇನ್ನೂ ಅನುಮಾನ ಇದ್ದರೆ ನೀರು ಕಾಯಿಸುವ 1000 ವ್ಯಾಟ್ ಕಾಯಿಲ್ ಒಂದನ್ನೇ ಬಕೆಟ್ ನೀರಿನಲ್ಲಿಟ್ಟು ಹಚ್ಚಿ. 3200ರ ಮೀಟರ್ ಆದರೆ ನಿಮಿಷಕ್ಕೆ ಸುಮಾರು 53 ಸಲ ಮಿಣುಕಬೇಕು, 1600 ಆದರೆ ಅದರ ಅರ್ಧ. ವೋಲ್ಟೇಜ್ ಕಡಿಮೆ ಇದ್ದರೆ ಸ್ವಲ್ಪ ಕಡಿಮೆ ಬರುತ್ತದೆ. 3200ರಲ್ಲಿ ಎಪ್ಪತ್ತು, ಎಂಬತ್ತು ಬಂದರೆ ಮಾತ್ರ ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂನ ಉಪವಿಭಾಗದ ಕಚೇರಿಗೆ ಹೋಗಿ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ. (ಕಾಯಿಲ್ ಹಚ್ಚಿದಾಗ ನೀರಿಗೆ ಕೈ ಹಾಕಬೇಡಿ, ಮಕ್ಕಳನ್ನು ದೂರ ಇಡಿ.)

ಇನ್ನು 214 ಎಲ್ಲಿಂದ ಬಂತು? ನೀವು ಬರೆದದ್ದನ್ನು ಹಿಡಿದು ನಾನು ಲೆಕ್ಕ ಹಾಕಿದರೆ ಜಾಸ್ತಿ ಪಾಲು ಫ್ಯಾನ್‌ಗಳದ್ದು. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಫ್ಯಾನ್ ನಿಲ್ಲೋದೇ ಇಲ್ಲ. ಮೂರು ಫ್ಯಾನ್ ದಿನಕ್ಕೆ ಹದಿನೈದು ತಾಸು ತಿರುಗಿದರೆ ತಿಂಗಳಿಗೆ ನೂರು ಯೂನಿಟ್. ಕೂಲರ್ ರಾತ್ರಿ ಎಂಟು ತಾಸು ಅಂದರೆ ನಲವತ್ತರ ಮೇಲೆ. ಫ್ರಿಜ್ ಮೂವತ್ತು, ಮೋಟರ್ ಮೂವತ್ತು, ಲೈಟು ಟಿವಿ ಮೊಬೈಲ್ ಎಲ್ಲ ಸೇರಿ ಹತ್ತು, ಹದಿನೈದು. ಕೂಡಿಸಿ ನೋಡಿ, 214ರ ಹತ್ತಿರ ಬಂದೇ ಬಂತು. ಲೈಟ್ ಆರಿಸಲಿಲ್ಲ ಅಂತ ಮಕ್ಕಳಿಗೆ ಬೈಯುವ ಮನೆಗಳೇ ಜಾಸ್ತಿ. 9 ವ್ಯಾಟ್ ಎಲ್‌ಇಡಿ ಬಲ್ಬ್ ದಿನಕ್ಕೆ ಹತ್ತು ತಾಸು ಉರಿದರೂ ತಿಂಗಳಿಗೆ ಮೂರು ಯೂನಿಟ್ ಆಗೋದಿಲ್ಲ. ಬೈಗುಳ ಉಳಿಸಿಕೊಳ್ಳಿ.

ದುಡ್ಡು ಹಾಕುವುದಿದ್ದರೆ ಮೊದಲು ಫ್ಯಾನ್‌ಗೆ ಹಾಕಿ. ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನುವ ಮೋಟರ್ ಇರುವ ಹೊಸ ನಮೂನೆ) 30 ವ್ಯಾಟ್ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಮೂರನ್ನೂ ಬದಲಿಸಿದರೆ ಬೇಸಿಗೆ ತಿಂಗಳಲ್ಲಿ 60 ಯೂನಿಟ್ ಉಳಿಯುತ್ತದೆ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು, ಬಾಡಿಗೆಯವರಿಗೆ ಇದೇ ಅನುಕೂಲ. ಒಂದೇ ಸಲಕ್ಕೆ ಆಗಲ್ಲ ಅಂದರೆ ಹಾಲ್‌ನ ಫ್ಯಾನ್ ಮೊದಲು, ಅದೇ ಜಾಸ್ತಿ ತಿರುಗೋದು.

ಕೂಲರ್‌ಗೆ ಖರ್ಚಿಲ್ಲದ ಉಪಾಯ ಇದೆ. ಕಿಟಕಿ ತೆಗೆಯಿರಿ. ಎಸಿ ಹಾಕಿದ ಹಾಗೆ ಬಾಗಿಲು ಕಿಟಕಿ ಮುಚ್ಚಿ ಕೂಲರ್ ಹಚ್ಚುತ್ತಾರೆ. ಹತ್ತು ನಿಮಿಷಕ್ಕೆ ರೂಮೆಲ್ಲ ತೇವ, ತಂಪು ಆಗೋದೇ ಇಲ್ಲ. ಅದಕ್ಕೆ ಮತ್ತೆ ಫ್ಯಾನ್ ಹಚ್ಚೋದು. ಕೂಲರ್ ಹೊರಗಿನ ಒಣ ಗಾಳಿ ಎಳೆದುಕೊಳ್ಳಬೇಕು, ಒಳಗಿನ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗಬೇಕು. ವಿಜಯಪುರದ ಒಣ ಬಿಸಿಲಿಗೆ ಕೂಲರ್‌ನಂಥದ್ದು ಇನ್ನೊಂದಿಲ್ಲ, ಇಟ್ಟುಕೊಳ್ಳುವ ರೀತಿ ಗೊತ್ತಿರಬೇಕು.

ಮೋಟರ್ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. 1 ಎಚ್‌ಪಿ ಮೋಟರ್ ತಾಸಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ತಿನ್ನುತ್ತದೆ. ಬೇಸಿಗೆಯಲ್ಲಿ ಬೋರ್‌ನ ನೀರು ಕೆಳಗಿಳಿದಾಗ ಅದೇ ಟ್ಯಾಂಕ್ ತುಂಬಲು ಹೆಚ್ಚು ಹೊತ್ತು ಬೇಕು. ಈಚೆಗೆ ಒಂದು ಮನೆಯವರು ಮೋಟರ್‌ನ ತಂತಿ ಹೊಸದಾಗಿ ಸುತ್ತಿಸಬೇಕು ಅಂತ ಕರೆದರು, ದಿನಕ್ಕೆ ಎರಡು ಸಲ ಹಚ್ಚಿದರೂ ನೀರು ಸಾಲುತ್ತಿಲ್ಲ ಅಂತ. ಮೋಟರ್ ಚೆನ್ನಾಗೇ ಇತ್ತು. ಮೇಲಿನ ಪಾಯಖಾನೆಯ ಫ್ಲಶ್ ಟ್ಯಾಂಕಿನಲ್ಲಿ ಸವಳು ನೀರಿಗೆ ರಬ್ಬರ್ ವಾಷರ್ ತಿಂದುಹೋಗಿ, ಸದ್ದಿಲ್ಲದೆ ನೂಲಿನಷ್ಟು ನೀರು ಗೋಡೆ ಹಿಡಿದು ಇಳಿಯುತ್ತಿತ್ತು. ಕೈಯಿಟ್ಟರೆ ಮಾತ್ರ ಗೊತ್ತಾಗುವಷ್ಟು. ಒಂದು ವಾಷರ್ ಹಾಕಿದ ಮೇಲೆ ಮೋಟರ್ ದಿನಕ್ಕೆ ಒಂದು ಸಲಕ್ಕೆ ಬಂತು. ರಾತ್ರಿ ಮಲಗುವಾಗ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ನೋಡಿ. ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಗೀಸರ್ ಬೇಸಿಗೆಯಲ್ಲಿ ಬೇಕಾಗಿಲ್ಲ, ಟ್ಯಾಂಕಿನ ನೀರೇ ಸುಡುತ್ತದೆ. ಚಳಿಗಾಲದಲ್ಲಿ ಒಂದು ಬಕೆಟ್ ಸ್ನಾನಕ್ಕೆ ಮೂರನೇ ಒಂದು ಭಾಗ ಯೂನಿಟ್ ಹಿಡಿಯಿರಿ, ಐದು ಜನರಿಗೆ ತಿಂಗಳಿಗೆ ಐವತ್ತು. ಸವಳು ನೀರಿಗೆ ಒಳಗಿನ ಕಾಯಿಲ್ ಮೇಲೆ ಉಪ್ಪು ಗಟ್ಟಿಯಾಗಿ ಕೂರುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ಕೆರೆಸಿ. ಫ್ರಿಜ್ ಗೋಡೆಗೆ ಅಂಟಿಕೊಂಡಿದ್ದರೆ ಮುಂದೆ ಸರಿಸಿ, ಬಾಗಿಲಿನ ರಬ್ಬರ್ ಸಡಿಲ ಇದ್ದರೆ ಬದಲಿಸಿ.

ಒಂದು ವಸ್ತು ಮಾತ್ರ ಕೊಳ್ಳಬೇಡಿ. ಪ್ಲಗ್‌ಗೆ ಸಿಗಿಸಿದರೆ ಬಿಲ್ ಅರ್ಧ ಆಗುತ್ತೆ ಅಂತ 'ಪವರ್ ಸೇವರ್' ಡಬ್ಬಿ ಜಾತ್ರೆಯಲ್ಲೂ ಮಾರುತ್ತಾರೆ, ಆನ್‌ಲೈನ್‌ನಲ್ಲೂ ಮಾರುತ್ತಾರೆ. ಬಿಚ್ಚಿದರೆ ಒಳಗೆ ಒಂದು ಕೆಪಾಸಿಟರ್, ಒಂದು ಹಸಿರು ದೀಪ. ಅಂಥ ಕೆಪಾಸಿಟರ್ ದೊಡ್ಡ ಕಾರ್ಖಾನೆಗಳಿಗೆ ಉಪಯೋಗ. ಮನೆ ಮೀಟರ್ ಎಣಿಸುವ ಯೂನಿಟ್‌ನಲ್ಲಿ ಅದರಿಂದ ಏನೂ ಕಡಿಮೆ ಆಗೋದಿಲ್ಲ.

ಸೋಲಾರ್ ಹಾಕಿಸಲಾ ಅಂತಲೂ ಕೇಳಿದ್ದೀರಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. ಸ್ವಂತ ಮನೆ ಇದ್ದು ತಿಂಗಳಿಗೆ ಮುನ್ನೂರು, ನಾಲ್ಕುನೂರು ಯೂನಿಟ್ ಬಳಸುವವರಿಗೆ ಒಳ್ಳೇದು. ವರ್ಷದಲ್ಲಿ ಬೇಸಿಗೆ ಮಾತ್ರ 200 ದಾಟುವ ಬಾಡಿಗೆಯವರು ನೀವು, ನಿಮಗೆ ಬೇಡ.

ಮೊದಲು ಮೇನ್ ಬಂದ್ ಮಾಡಿ ದೀಪ ನೋಡುವ ಕೆಲಸ ಮಾಡಿ. ನಿಮಿಷಕ್ಕೆ ಎಷ್ಟು ಸಲ ಮಿಣುಕಿತು, ಮೀಟರ್ ಮೇಲೆ ಎಷ್ಟು ಇಂಪ್ ಅಂತ ಬರೆದಿದೆ, ಎರಡನ್ನೂ ಇಲ್ಲೇ ಕೆಳಗೆ ಹಾಕಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ನೋಡಿ ಹೇಳ್ತೀನಿ.