ಬ್ಯಾಗ್ ಇಳಿಸದ ಹುಡುಗ

ಹೊಸದಾಗಿ ಸರ್ಕಾರಿ ಶಾಲೆಗೆ ಟೀಚರ್ ಆಗಿ ಸೇರಿದ್ದೀರಿ. ಎರಡನೇ ಕ್ಲಾಸಿನ ಒಬ್ಬಳು ಹುಡುಗಿ ಬಾಯೇ ಬಿಡುವುದಿಲ್ಲ, ಆಗಾಗ ಹೊಟ್ಟೆನೋವು ಅಂತ ಅಳುತ್ತಾಳೆ. 'ನಾನೇನು ಡಾಕ್ಟರ್ ಅಲ್ಲ, ನನ್ನಿಂದ ಏನಾಗುತ್ತೆ?' ಅಂತ ಕೇಳಿದ್ದೀರಿ.

ತುಂಬಾ ಆಗುತ್ತೆ. ನಾನು ಹತ್ತೊಂಬತ್ತು ವರ್ಷದಿಂದ, ಚಿಕ್ಕ ಮಕ್ಕಳು ಚಟುವಟಿಕೆ ಮಾಡುತ್ತಾ ಕಲಿಯುವ ನಲಿ-ಕಲಿ ತರಗತಿಯಲ್ಲೇ ಇದ್ದೇನೆ. ಒಂದು ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇನೆ.

ನನ್ನ ಒಂದನೇ ಕ್ಲಾಸಿಗೆ ಒಬ್ಬ ಹುಡುಗ ಬರುತ್ತಿದ್ದ. ಪ್ರಾರ್ಥನೆಯಿಂದ ಸಂಜೆ ಬೆಲ್ ಹೊಡೆಯುವವರೆಗೂ ಬೆನ್ನಿನ ಬ್ಯಾಗ್ ಇಳಿಸುತ್ತಿರಲಿಲ್ಲ. ಬಿಸಿಯೂಟಕ್ಕೆ ಕೂತಾಗಲೂ ಅಷ್ಟೇ. ಅನ್ನ ಕಲೆಸಲು ಬಗ್ಗಿದರೆ ಬ್ಯಾಗ್ ತಲೆಯ ಮೇಲೆ ಜಾರಿ ಬರುತ್ತಿತ್ತು. ಎಡಗೈಯಲ್ಲಿ ಹಿಂದಕ್ಕೆ ತಳ್ಳಿ ಮತ್ತೆ ತಿನ್ನುತ್ತಿದ್ದ. ಮೊಂಡು ಅಂದುಕೊಂಡೆ. ಎರಡು ಸಲ ಗದರಿದೆ. ಒಂದು ದಿನ ನಾನೇ ಎಳೆದು ತೆಗೆದಿಟ್ಟೆ. ಅವನು ಅಳಲಿಲ್ಲ, ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ಅದನ್ನು ನೆನೆದರೆ ಈಗಲೂ ಕರುಳು ಹಿಂಡುತ್ತದೆ.

ಸಂಜೆ ಅವರ ಮನೆ ಜಗಲಿಯಲ್ಲಿ ಕೂತು ಅಜ್ಜಿಯನ್ನು ಕೇಳಿದೆ. "ಅವ್ನು ಇಸ್ಕೂಲಲ್ಲಿದ್ದಾಗ್ಲೇ ಅವ್ರಮ್ಮ ಬೆಂಗ್ಳೂರಿಗೆ ಗಾರ್ಮೆಂಟ್ಸ್ ಕೆಲ್ಸಕ್ಕೆ ಹೊಂಟೋದ್ಲು ಟೀಚರಮ್ಮ. ಹೇಳಿದ್ರೆ ಅಳ್ತಾನೆ ಅಂತ ಹೇಳ್ಲಿಲ್ಲ" ಅಂದರು. 'ನಾನು ಶಾಲೆಗೆ ಹೋದಾಗ ಮನೆಯವರು ಹೊರಟುಹೋಗುತ್ತಾರೆ' ಅನ್ನುವುದು ಆ ಮಗುವಿನ ತಲೆಯಲ್ಲಿ ಕೂತುಬಿಟ್ಟಿತ್ತು. ಯಾವ ಹೊತ್ತಿಗಾದರೂ ಮನೆಗೆ ಓಡಲು ರೆಡಿಯಾಗಿರುತ್ತಿದ್ದ.

ಆಮೇಲೆ ನಾನು ಬ್ಯಾಗಿನ ಸುದ್ದಿಗೇ ಹೋಗಲಿಲ್ಲ. ಗೇಟ್ ಕಾಣುವ ಹಾಗೆ ಬಾಗಿಲ ಪಕ್ಕ ಕೂರಿಸಿದೆ. ಹಾಲಿನ ಲೋಟ ಎಣಿಸಿ ಹಂಚುವ ಕೆಲಸ ಕೊಟ್ಟೆ. ಅವರಮ್ಮನಿಗೆ ಫೋನ್ ಮಾಡಿ, "ಪ್ರತಿ ಭಾನುವಾರ ಒಂದೇ ಹೊತ್ತಿಗೆ ತಪ್ಪದೆ ಮಾತಾಡಿ. ಊರಿಗೆ ಬಂದರೆ ಅವನಿಗೆ ಹೇಳಿಯೇ ವಾಪಸ್ ಹೋಗಿ, ಅತ್ತರೂ ಪರವಾಗಿಲ್ಲ" ಅಂದೆ. ದಸರಾ ರಜೆ ಮುಗಿದ ಮೇಲೆ ಬ್ಯಾಗ್ ಬೆನ್ನಿಂದ ತೊಡೆಗೆ ಬಂತು. ಸಂಕ್ರಾಂತಿ ಹೊತ್ತಿಗೆ ಗೋಡೆ ಪಕ್ಕಕ್ಕೆ.

ಆರೇಳು ವರ್ಷದ ಎಷ್ಟೋ ಮಕ್ಕಳಿಗೆ 'ನನಗೆ ಭಯ ಆಗ್ತಿದೆ' ಅಂತ ಹೇಳಲು ಬರುವುದಿಲ್ಲ. ಹೊಟ್ಟೆ ನೋಯುತ್ತದೆ, ತಲೆ ನೋಯುತ್ತದೆ, ಇಲ್ಲವೇ ಪಕ್ಕದವರಿಗೆ ಹೊಡೆಯುತ್ತಾರೆ. ನೋವು ನಾಟಕವಲ್ಲ, ನಿಜವಾಗಿಯೂ ನೋಯುತ್ತಿರುತ್ತದೆ. ಹಾಗಾಗಿ ಮೊದಲು ಡಾಕ್ಟರಿಗೆ ತೋರಿಸಲು ಮನೆಯವರಿಗೆ ಹೇಳಿ. ಜೊತೆಗೆ ಯಾವ ದಿನ, ಯಾವ ಹೊತ್ತಿಗೆ, ಯಾವ ಪಾಠದ ಮುಂಚೆ ನೋವು ಬಂತು ಅಂತ ಎರಡು ವಾರ ಬರೆದಿಡಿ. ಸೋಮವಾರವೇ ಜಾಸ್ತಿ ಬಂದರೆ ಅದರಲ್ಲೂ ಏನೋ ಇದೆ, ಅಲ್ವಾ?

ಮನೆಯಲ್ಲಿ ಮಾತಾಡುತ್ತಾಳಾ ಅಂತಲೂ ಕೇಳಿ. ಅಲ್ಲಿ ಚೆನ್ನಾಗಿ ಮಾತಾಡಿ ಶಾಲೆಯಲ್ಲಿ ಮಾತ್ರ ಸುಮ್ಮನಿದ್ದರೆ ಅದು ಹೆಚ್ಚಾಗಿ ಭಯ, ಹಟವಲ್ಲ. ಎಲ್ಲರ ಮುಂದೆ ನಿಲ್ಲಿಸಿ ಮಾತಾಡಿಸಬೇಡಿ. ಮಕ್ಕಳು ಒಬ್ಬರಿಗೊಬ್ಬರು ನೆರವಾಗಿ ಕಲಿಯುವ ಗೆಳೆಯರ ಬೆಂಬಲದ ಗುಂಪಿನಲ್ಲಿ ಒಬ್ಬಳೇ ಗೆಳತಿಯ ಜೊತೆ ಕೂರಿಸಿ. ಮೊದಲ ಮಾತು ಬರುವುದು ಅಲ್ಲೇ, ಪಿಸುಮಾತಿನಲ್ಲಿ. ಬಂದಾಗ ತಿರುಗಿ ನೋಡಬೇಡಿ, ಚಪ್ಪಾಳೆಯನ್ನಂತೂ ಹೊಡೆಸಲೇಬೇಡಿ. ಹಾಜರಿಗೆ ಕೈ ಎತ್ತಿದರೆ ಸಾಕು ಅಂತ ಹೇಳಿ.

ಗದರಿ ಸರಿಮಾಡಿ ಅಂತ ಹಿರಿಯ ಸಹೋದ್ಯೋಗಿಗಳು ಯಾರಾದರೂ ಹೇಳಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಒಂದು ತಿಂಗಳಾದರೂ ಹೀಗೇ ಇದ್ದರೆ ಒಬ್ಬರೇ ಹೊರಬೇಡಿ. 14416, ಟೆಲಿ ಮಾನಸ್. 2022ರಲ್ಲಿ ಶುರುವಾದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಶಾಲೆಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ಕಾರ್ಯಕ್ರಮ) ತಂಡದ ಡಾಕ್ಟರಿಗೂ ಹೇಳಿ. ಮನೆಯಲ್ಲಿ ಹಿಂಸೆ ಇದೆ ಅನ್ನಿಸಿದರೆ ಮಾತ್ರ ಕಾಯಬೇಡಿ, ಮುಖ್ಯ ಶಿಕ್ಷಕರಿಗೆ ತಿಳಿಸಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಎರಡು ವಾರ ಬರೆದಿಟ್ಟ ಮೇಲೆ ಏನು ಕಂಡಿತು ಅಂತ ಇಲ್ಲೇ ಹೇಳಿ, ಹುಡುಗಿಯ ಹೆಸರು ಹಾಕದೆ. ನಾನು ನೋಡುತ್ತಿರುತ್ತೇನೆ.