ಪರ್ಸನಾಲಿಟಿ ಡಿಸಾರ್ಡರ್ ಇರುವ ಅಪರಾಧಿಗಳು ಬದಲಾಗುವುದೇ ಇಲ್ಲವಾ? ಬ್ರಿಟನ್‌ನಲ್ಲಿ ಏನು ಮಾಡುತ್ತಾರೆ?

ಪರ್ಸನಾಲಿಟಿ ಡಿಸಾರ್ಡರ್ ಅಂದರೆ ಯೋಚನೆ, ಭಾವನೆ, ಜನರೊಡನೆ ನಡೆದುಕೊಳ್ಳುವ ರೀತಿಯಲ್ಲಿ ವರ್ಷಗಟ್ಟಲೆ ಉಳಿಯುವ ತೊಂದರೆ. ಅಂಥವರು ಬದಲಾಗುವುದೇ ಇಲ್ಲ ಅನ್ನೋದನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೂ ಬಹಳ ಕಾಲ ಹಾಗೇ ನಂಬಿದ್ದರು. 1983ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಇಂಥವರನ್ನು ಒತ್ತಾಯದಿಂದ ಆಸ್ಪತ್ರೆಗೆ ಸೇರಿಸಬೇಕಾದರೆ ಚಿಕಿತ್ಸೆಯಿಂದ ಗುಣ ಕಾಣಬೇಕಿತ್ತು, ಇಲ್ಲವೇ ಸ್ಥಿತಿ ಇನ್ನೂ ಕೆಡದಂತೆ ತಡೆಯಬೇಕಿತ್ತು. ಎಷ್ಟೋ ವೈದ್ಯರು 'ಇದಕ್ಕೆ ಚಿಕಿತ್ಸೆಯಿಲ್ಲ' ಎಂದು ಕೈಚೆಲ್ಲುತ್ತಿದ್ದರು.

1996ರಲ್ಲಿ ಕೆಂಟ್‌ನಲ್ಲಿ ತಾಯಿ ಮತ್ತು ಮಗಳ ಕೊಲೆಯಾಯಿತು. ಶಿಕ್ಷೆಯಾದವನಿಗೆ ಪರ್ಸನಾಲಿಟಿ ಡಿಸಾರ್ಡರ್ ಇತ್ತು ಎಂದು ತಿಳಿದಾಗ ಜನ ಸಿಟ್ಟಿಗೆದ್ದರು. ಸರ್ಕಾರ 1999ರಲ್ಲಿ 'ಅಪಾಯಕಾರಿ ಮತ್ತು ತೀವ್ರ ಪರ್ಸನಾಲಿಟಿ ಡಿಸಾರ್ಡರ್' ಇರುವವರು ಎಂಬ ಹೊಸ ಗುಂಪನ್ನೇ ಮಾಡಿತು. ವೈಟ್‌ಮೂರ್, ಫ್ರಾಂಕ್‌ಲ್ಯಾಂಡ್ ಜೈಲುಗಳಲ್ಲಿ, ಬ್ರಾಡ್‌ಮೂರ್, ರಾಂಪ್ಟನ್ ಆಸ್ಪತ್ರೆಗಳಲ್ಲಿ ವಿಶೇಷ ಘಟಕಗಳು ಬಂದವು. ಆದರೆ ಆ ಹೆಸರು ವೈದ್ಯರು ಕೊಟ್ಟದ್ದಲ್ಲ, ಅಧಿಕಾರಿಗಳು ಕೊಟ್ಟದ್ದು. ಖರ್ಚು ವಿಪರೀತ, ಜಾಗ ಮಾತ್ರ ಕೆಲವೇ ನೂರು ಜನರಿಗೆ.

ನನ್ನ ಮಟ್ಟಿಗೆ ನಿಜವಾದ ಬದಲಾವಣೆ ಶುರುವಾದದ್ದು 2011ರಲ್ಲಿ. ಆಗ ಆರೋಗ್ಯ ಇಲಾಖೆ ಮತ್ತು ಜೈಲು, ಪ್ರೊಬೇಷನ್ (ಜೈಲಿನ ಹೊರಗಿರುವ ಅಪರಾಧಿಗಳ ಮೇಲೆ ನಿಗಾ ಇಡುವ) ಸೇವೆಗಳು ಸೇರಿ ಹೊಸ ವ್ಯವಸ್ಥೆಗೆ ಕೈಹಾಕಿದವು. ಇದಕ್ಕೆ ಸೇರಿಸಿಕೊಳ್ಳಲು ವೈದ್ಯರ ಡಯಾಗ್ನೋಸಿಸ್ ಬೇಕೇಬೇಕು ಅಂತಿಲ್ಲ. ಆ ವ್ಯಕ್ತಿ ಯಾಕೆ ಹೀಗೆ ನಡೆದುಕೊಳ್ಳುತ್ತಾನೆ, ಯಾವಾಗ ಕೆರಳುತ್ತಾನೆ, ಬಾಲ್ಯದಲ್ಲಿ ಏನು ಅನುಭವಿಸಿದ್ದ ಎಂಬುದನ್ನು ಮನಶ್ಶಾಸ್ತ್ರಜ್ಞರು ಪ್ರೊಬೇಷನ್ ಅಧಿಕಾರಿಯ ಜೊತೆ ಕೂತು ಬಿಡಿಸಿ ನೋಡುತ್ತಾರೆ. ಇವರಲ್ಲಿ ಜಾಸ್ತಿ ಜನ ಚಿಕ್ಕಂದಿನಲ್ಲಿ ಹಿಂಸೆ, ನಿರ್ಲಕ್ಷ್ಯ ಕಂಡವರು. ಅಪರಾಧಕ್ಕೆ ಅದು ನೆಪವಲ್ಲ. ಆದರೆ ಅದು ಗೊತ್ತಿದ್ದರೆ, ಅವನು ಕಿರುಚಿದಾಗ ಸಿಬ್ಬಂದಿ ಅದನ್ನು ಸುಮ್ನೆ ಸೊಕ್ಕು ಅಂದುಕೊಳ್ಳುವುದಿಲ್ಲ.

ಈ ವ್ಯವಸ್ಥೆಯಲ್ಲಿ ಕೆಲವು ಜೈಲುಗಳಲ್ಲಿ 'ಪೈಪ್' (PIPE), ಅಂದರೆ ಮನಶ್ಶಾಸ್ತ್ರದ ತಿಳಿವಳಿಕೆಯಿಂದ ರೂಪಿಸಿದ ವಾತಾವರಣ ಇರುವ ವಿಭಾಗಗಳಿವೆ. ಅಲ್ಲಿ ಮುಖ್ಯವಾದವರು ಜೈಲಿನ ಸಿಬ್ಬಂದಿಯೇ. ಅವರಿಗೆ ತರಬೇತಿ ಇರುತ್ತದೆ, ತಮಗಾದ ಸಿಟ್ಟು, ಭಯವನ್ನು ಹೇಳಿಕೊಳ್ಳಲು ಜಾಗವೂ ಇರುತ್ತದೆ. ಇದು ನನಗೆ ತುಂಬಾ ಮಹತ್ವದ್ದು ಅನ್ನಿಸುತ್ತದೆ. ಥೆರಪಿ ವಾರಕ್ಕೆ ಕೆಲವು ಗಂಟೆ. ಉಳಿದ ಹೊತ್ತೆಲ್ಲ ಆ ಮನುಷ್ಯ ಇರುವುದು ಇವರ ಜೊತೆಗೇ ಅಲ್ವಾ? ಯಾರನ್ನೂ ನಂಬದವನಿಗೆ, ಹೇಳಿದ್ದನ್ನು ಮಾಡುವ, ದಿನಕ್ಕೊಂದು ಥರ ವರ್ತಿಸದ ಅಧಿಕಾರಿ ಸಿಗುವುದೇ ದೊಡ್ಡ ವಿಷಯ.

ಇದರಿಂದ ಮತ್ತೆ ಅಪರಾಧ ಮಾಡುವವರು ಕಡಿಮೆಯಾದರು ಎನ್ನಲು ಗಟ್ಟಿ ಸಾಕ್ಷ್ಯ ಇನ್ನೂ ಇಲ್ಲ. ಅಪಾಯ ಇಳಿಯದವರನ್ನು ಒಳಗೇ ಇಡಬೇಕಾಗುತ್ತದೆ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಹೆಚ್ಚಿನವರು ಒಂದು ದಿನ ಹೊರಗೆ ಬಂದೇ ಬರುತ್ತಾರೆ. ಅದಕ್ಕೇ ಬಿಡುಗಡೆಯ ನಂತರವೂ ಅವರ ಹಿನ್ನೆಲೆ ಬಲ್ಲ ಅಧಿಕಾರಿಯನ್ನು ಪದೇಪದೇ ಬದಲಿಸಬಾರದು ಎಂದು ನಾನು ಒತ್ತಿ ಹೇಳುತ್ತೇನೆ.