ಎಡದಂಡೆ ಕಾಲುವೆ ಪಕ್ಕ ಮಕ್ಕಳ ಜೊತೆ ಸೈಕಲ್

ನಮಸ್ಕಾರ. ಒಂಬತ್ತು ಮತ್ತು ಹನ್ನೆರಡು ವರ್ಷದ ಮಕ್ಕಳ ಜೊತೆ ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕ, ಮುನಿರಾಬಾದಿನಿಂದ ಸಿಂಧನೂರಿಗೆ ಮೂರು ದಿನದಲ್ಲಿ ಸೈಕಲ್ ಮೇಲೆ ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಬಹುದು. ಆದರೆ ನಾಲ್ಕು ದಿನ ಇಟ್ಟುಕೊಳ್ಳಿ.

ನನಗೆ ಜಾಸ್ತಿ ಚಿಂತೆ ನೀರಿನದು. ಕಾಲುವೆಯ ಒಳಬದಿ ಇಳಿಜಾರು, ಪಾಚಿ ಹಿಡಿದು ಜಾರುತ್ತದೆ. ಸೆಳೆತ ಜೋರು. ಬಿದ್ದರೆ ಈಜು ಬಂದವರಿಗೂ ಮೇಲೆ ಹತ್ತುವುದು ಕಷ್ಟ. ಕೈಕಾಲು ತೊಳೆಯೋಕೂ ಮಕ್ಕಳನ್ನು ಇಳಿಸಬೇಡಿ. ದೊಡ್ಡವರು ನೀರಿನ ಬದಿಗೆ, ಮಕ್ಕಳು ಗದ್ದೆ ಬದಿಗೆ. ನಾವು ಹೋದಾಗ ಇದೊಂದನ್ನು ಒಂದು ಕ್ಷಣವೂ ಬಿಡಲಿಲ್ಲ.

ಜನವರಿ ಒಳ್ಳೆಯದು. ಬೆಳಗ್ಗೆ ತಂಪು, ಬೇಸಿಗೆ ಬೆಳೆಗೆ ನೀರು ಬಿಟ್ಟಿದ್ದರೆ ಭತ್ತದ ನಾಟಿಯೂ ಕಾಣುತ್ತದೆ. ಏಪ್ರಿಲ್, ಮೇ ಬೇಡವೇ ಬೇಡ.

ಜಾಲಿಮುಳ್ಳು ಟ್ಯೂಬ್ ಉಳಿಸುವುದಿಲ್ಲ. ತಲೆಗೆರಡು ಟ್ಯೂಬ್, ಒಂದು ಪಂಪ್ ಇರಲಿ. ರಾತ್ರಿ ಗಂಗಾವತಿ, ಕಾರಟಗಿಯಲ್ಲಿ ಲಾಡ್ಜ್ ಹಿಡಿಯಿರಿ, ದಂಡೆ ಮೇಲೆ ಮಲಗಬೇಡಿ. ದಂಡೆ ರಸ್ತೆ ನೀರಾವರಿ ಇಲಾಖೆಯದು, ಮೊದಲೇ ಅವರ ಕಚೇರಿಯಲ್ಲಿ ಕೇಳಿ. ಕೆಟ್ಟಿರುವ ಕಡೆ ಊರ ರಸ್ತೆಗೆ ಇಳಿಯಿರಿ. ಅಲ್ಲಿ ಬೆಳಗ್ಗೆ ಬಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಿಗುತ್ತದೆ. ನಮ್ಮ ಮಗಳು ಇವತ್ತಿಗೂ ಅದನ್ನೇ ನೆನೆಸುತ್ತಾಳೆ.